ರಣಹದ್ದಿನ ಲೆಕ್ಕ

ಗರುಡನನ್ನು ಕಂಡೊಡನೆ ಕೆನ್ನೆ ಮುಟ್ಟಿಕೊಂಡು ಕೈಮುಗಿಯುವ ನಮ್ಮ ಜನ ರಣಹದ್ದನ್ನು ಕಂಡರೆ ಮುಖ ಸಿಂಡರಿಸುವುದುಂಟು. ಅದು ಮನೆಯ ಮೇಲೆ ಬಂದು ಕುಳಿತರೆ ಅಪಶಕುನವೆಂದು ಶಾಂತಿ ಮಾಡಿಸುವ ವಾಡಿಕೆಯೂ ಇದ್ದಿತು. ಬೋಳು ಕತ್ತು, ಬಾಗಿದ ಕೊಕ್ಕು, ಹೆಣದ ಸಹವಾಸ ಇವು ಯಾವುವೂ ಆ ಹಕ್ಕಿಗೆ ಒಳ್ಳೆಯ ಹೆಸರನ್ನು ತಂದುಕೊಡಲಿಲ್ಲ. ಜಟಾಯುವಿಗೆ ಸಲ್ಲಿಸಿದ ಗೌರವದಲ್ಲಿ ನೂರರಲ್ಲೊಂದು ಪಾಲನ್ನೂ ಅವನ ವಂಶದವರಿಗೆ ನಾವು ಸಲ್ಲಿಸಿದಂತೆ ಕಾಣುವುದಿಲ್ಲ.

ಆ ವಂಶ ಇಂದು ಅಳಿವಿನ ಅಂಚಿಗೆ ಬಂದಿದೆ. ೧೯೯೨ರಿಂದ ೨೦೦೭ರವರೆಗಿನ ೧೫ ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಂತೆ ಉಳಿದುವು. ಉದ್ದಕೊಕ್ಕಿನ ಜಾತಿಯಲ್ಲಿ ಉಳಿದುವು ನೂರಕ್ಕೆ ಸುಮಾರು ಮೂರು ಮಾತ್ರ. ಯಾರೂ ಇವನ್ನು ಬೇಟೆಯಾಡಲಿಲ್ಲ. ತಿನ್ನಲು ಆಹಾರವಿಲ್ಲದೆ ಇವು ಸತ್ತುದೂ ಅಲ್ಲ. ಹಾಗಾದರೆ ಆದುದೇನು? ಭೌತವಿಜ್ಞಾನವನ್ನು ಬೋಧಿಸುವ ನಮಗೆ ಹಕ್ಕಿಗಳ ವಿಷಯದಲ್ಲಿ ಬರೆಯಲು ಅಧಿಕಾರವೇನೆಂದು ವಾಚಕರು ಕೇಳಬಹುದು. ರಣಹದ್ದಿನ ಬದುಕು, ಸಾವು ಎರಡೂ ಲೆಕ್ಕಕ್ಕೆ ಸಿಕ್ಕುವ ವಿಷಯಗಳಾಗಿವೆ ಎಂಬುದೇ ನಮ್ಮ ಉತ್ತರ.

ಮೊದಲು ಬದುಕಿನ ಲೆಕ್ಕ. ರಣಹದ್ದು ಬೆಳಗ್ಗೆ ಬೇಗ ಹಾರುವುದಿಲ್ಲ, ಹೊತ್ತೇರುವವರೆಗೆ ಕಾಯುತ್ತದೆ. ಬಿಸಿಲಿಗೆ ಬಂಡೆ, ಬಯಲುಗಳು ಕಾದಾಗ ಅವುಗಳ ಮೇಲಿನ ಗಾಳಿ ಹಿಗ್ಗಿ, ಹಗುರವಾಗಿ, ಮೇಲಕ್ಕೆ ಏರತೊಡಗುತ್ತದೆ. ಈ ಏರುಗಾಳಿಯೇ ಅದರ ಏಣಿ. ಗಾಳಿ ಸೆಕೆಂಡಿಗೆ ೩ ಮೀಟರ್ ವೇಗದಲ್ಲಿ ಏರುತ್ತಿದೆಯೆಂದು ಇಟ್ಟುಕೊಳ್ಳೋಣ. ರೆಕ್ಕೆ ಬಡಿಯದೆ ತೇಲುವ ಹದ್ದು ಆ ಗಾಳಿಯೊಳಗೆ ಸೆಕೆಂಡಿಗೆ ಸುಮಾರು ೧ ಮೀಟರ್ ಕೆಳಗಿಳಿಯುತ್ತಿರುತ್ತದೆ. ಉಳಿದ ೨ ಮೀಟರ್ ಅದಕ್ಕೆ ಲಾಭ. ಹೀಗೆ ಸುತ್ತು ಹಾಕುತ್ತ ೫೦೦ ಮೀಟರ್ ಏರಲು ೨೫೦ ಸೆಕೆಂಡು, ಎಂದರೆ ನಾಲ್ಕು ನಿಮಿಷಕ್ಕೆ ತುಸು ಹೆಚ್ಚು ಕಾಲ ಸಾಕು. ೫ ಕಿಲೋಗ್ರಾಂ ತೂಗುವ ದೇಹವನ್ನು ಅಷ್ಟು ಎತ್ತರಕ್ಕೆ ಏರಿಸಲು ೨೪,೫೦೦ ಜೂಲ್ ಶಕ್ತಿ ಬೇಕು. ಅದನ್ನೆಲ್ಲ ಸೂರ್ಯನೇ ಕೊಡುತ್ತಾನೆ. ಹದ್ದಿನ ಸ್ನಾಯುಗಳಿಗೆ ರೆಕ್ಕೆಯನ್ನು ಚಾಚಿ ಹಿಡಿದಿರುವುದಷ್ಟೇ ಕೆಲಸ. ಆ ಎತ್ತರದಿಂದ ಒಂದು ಮೀಟರ್ ಇಳಿಯುವುದರೊಳಗೆ ೧೫ ಮೀಟರ್ ಮುಂದೆ ಸಾಗುವಂತೆ ಜಾರಿದರೆ ಏಳೂವರೆ ಕಿಲೋಮೀಟರ್ ದೂರ ಕ್ರಮಿಸಬಹುದು. ಅಲ್ಲಿ ಇನ್ನೊಂದು ಏರುಗಾಳಿ ಸಿಕ್ಕಿತೆಂದರೆ ಮತ್ತೆ ಅದೇ ಆಟ. ರೆಕ್ಕೆಯ ತುದಿಯ ಗರಿಗಳು ಕೈಬೆರಳುಗಳಂತೆ ಬಿಡಿಬಿಡಿಯಾಗಿರುವುದನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ತುದಿಯಲ್ಲೇಳುವ ಸುಳಿಗಾಳಿಯ ತಡೆಯನ್ನು ಕಡಮೆ ಮಾಡುವ ಉಪಾಯ ಅದು. ೧೯೭೩ರ ನವೆಂಬರಿನಲ್ಲಿ ಆಫ್ರಿಕದ ಆಬಿಜಾನ್ ನಗರದ ಮೇಲೆ ಸುಮಾರು ೧೧,೩೦೦ ಮೀಟರ್ ಎತ್ತರದಲ್ಲಿ ಅಲ್ಲಿಯ ಜಾತಿಯ ರಣಹದ್ದೊಂದು ವಿಮಾನಕ್ಕೆ ಬಡಿದುದು ದಾಖಲೆಯಾಗಿದೆ. ಎವರೆಸ್ಟ್ ಶಿಖರಕ್ಕಿಂತ ಅದು ಎಷ್ಟು ಮೇಲೆ!

ಇಷ್ಟು ಅಗ್ಗದ ಪ್ರಯಾಣ ಸಾಧ್ಯವಾಗಿರುವುದರಿಂದಲೇ ಈ ಹಕ್ಕಿ ಎಲ್ಲಿ ಬೀಳುವುದೋ ತಿಳಿಯದ ಹೆಣಗಳನ್ನು ನಂಬಿ ಬದುಕಬಲ್ಲದು. ಅವು ನೆಲವನ್ನು ನೋಡುವಂತೆ ಒಂದನ್ನೊಂದು ಸಹ ನೋಡುತ್ತಿರುತ್ತವೆ. ಒಂದು ಕೆಳಗಿಳಿಯಿತೆಂದರೆ ದೂರದಲ್ಲಿದ್ದುದು ಅತ್ತ ತಿರುಗುತ್ತದೆ. ಅದನ್ನು ಕಂಡು ಮತ್ತೊಂದು. ಹೀಗೆ ಆಕಾಶದಲ್ಲಿ ಒಂದು ಬಲೆ ಹರಡಿದಂತಿರುತ್ತದೆ. ಹಿಂಡು ಸೇರಿತೆಂದರೆ ಸತ್ತ ಎಮ್ಮೆಯೊಂದು ಒಂದು ಗಂಟೆಯೊಳಗೆ ಬರಿಯ ಎಲುಬಾಗುತ್ತದೆ. ಅವುಗಳ ಜಠರದ ತೀಕ್ಷ್ಣ ಆಮ್ಲ ಕೊಳೆತ ಮಾಂಸದ ರೋಗಾಣುಗಳನ್ನು ಬಹುಮಟ್ಟಿಗೆ ನಾಶಮಾಡಿಬಿಡುತ್ತದೆ.

ಇನ್ನು ಸಾವಿನ ಲೆಕ್ಕ. ೧೯೯೦ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶರು ರಣಹದ್ದುಗಳ ಸಂಖ್ಯೆ ಹಠಾತ್ತಾಗಿ ಕುಸಿದುದನ್ನು ಗಮನಿಸಿದರು. ಹಕ್ಕಿಗಳು ಕತ್ತು ಜೋಲುಬಿಟ್ಟು ಕುಳಿತಿದ್ದು ಉರುಳಿ ಸಾಯುತ್ತಿದ್ದುವು. ಯಾವುದೋ ಹೊಸ ಸೋಂಕಿರಬೇಕೆಂದು ಹಲವರು ಊಹಿಸಿದರು. ನಿಜವಾದ ಕಾರಣವನ್ನು ಪಾಕಿಸ್ತಾನದಲ್ಲಿ ಕೆಲಸಮಾಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದರು. ಅದು ರೋಗವಲ್ಲ, ಔಷಧ: ದನಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೊಫೆನಾಕ್. ಮದ್ದು ಹಾಕಿಸಿಕೊಂಡ ದನ ಒಂದೆರಡು ದಿನಗಳಲ್ಲಿ ಸತ್ತರೆ ಔಷಧದ ಅಂಶ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟುಹೋಗುತ್ತವೆ. ಹಕ್ಕಿಗಳು ನಮ್ಮಂತೆ ಯೂರಿಯವನ್ನಲ್ಲ, ನೀರಿನಲ್ಲಿ ಸುಲಭವಾಗಿ ಕರಗದ ಯೂರಿಕ್ ಆಮ್ಲವನ್ನು ವಿಸರ್ಜಿಸತಕ್ಕವು. ಹೊರಹೋಗಲು ದಾರಿಯಿಲ್ಲದಾಗ ಆ ಆಮ್ಲ ಹರಳುಗಟ್ಟಿ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಕೂಡುತ್ತದೆ.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ದೇಶದಲ್ಲಿ ಸಾಯುವ ದನಗಳಲ್ಲಿ ಸಾಯುವ ಮುನ್ನ ಈ ಮದ್ದನ್ನು ಹಾಕಿಸಿಕೊಂಡವು ಎಷ್ಟಿದ್ದಾವು? ಅತ್ಯಲ್ಪ. ಅಷ್ಟರಿಂದ ಸಾವಿರದಲ್ಲಿ ೯೯೯ ಹಕ್ಕಿಗಳು ನಾಶವಾದಾವೆ? ರೀಸ್ ಗ್ರೀನ್ ಮತ್ತು ಸಹೋದ್ಯೋಗಿಗಳು ೨೦೦೪ರಲ್ಲಿಯೇ ಇದನ್ನು ಗಣಿತದಿಂದ ಪರಿಶೀಲಿಸಿ, ೭೬೦ಕ್ಕೊಂದರಿಂದ ೧೩೦ಕ್ಕೊಂದರವರೆಗೆ ಹೆಣಗಳು ವಿಷಯುಕ್ತವಾಗಿದ್ದರೆ ಸಾಕೆಂದು ತೋರಿಸಿದರು. ಸ್ಥೂಲವಾದ ಲೆಕ್ಕವನ್ನು ನೀವೂ ಮಾಡಬಹುದು. ಹದ್ದು ಮೂರು ದಿನಕ್ಕೊಮ್ಮೆ ಉಣ್ಣುತ್ತದೆಯೆನ್ನಿ. ವರ್ಷಕ್ಕೆ ಸುಮಾರು ೧೨೦ ಊಟ. ೨೦೦ ಹೆಣಗಳಲ್ಲಿ ಒಂದು ವಿಷದ್ದೆನ್ನಿ. ಒಂದು ಊಟವಾದ ಮೇಲೆ ಬದುಕಿರುವ ಸಂಭವ ೨೦೦ರಲ್ಲಿ ೧೯೯. ಈ ಭಿನ್ನರಾಶಿಯನ್ನು ೧೨೦ ಬಾರಿ ಅದರಿಂದಲೇ ಗುಣಿಸಿದರೆ ೦.೫೫ ಬರುತ್ತದೆ. ಎಂದರೆ ೧೦೦ ಹದ್ದುಗಳಲ್ಲಿ ವರ್ಷದ ಕೊನೆಗೆ ಉಳಿಯುವುವು ೫೫. ಹತ್ತು ವರ್ಷ ಇದೇ ಕ್ರಮ ನಡೆದರೆ ಸಾವಿರದಲ್ಲಿ ಉಳಿಯುವುವು ಎರಡೋ ಮೂರೋ! ವಿಕಿರಣಶೀಲ ಧಾತುವಿನ ಕ್ಷಯವನ್ನು ಓದಿದವರಿಗೆ ಈ ರೇಖೆ ಪರಿಚಿತವೇ. ಸಹಜವಾದ ಹುಟ್ಟುಸಾವುಗಳು ಒಂದಕ್ಕೊಂದು ಸರಿಹೋಗುತ್ತವೆಂದು ಇಲ್ಲಿ ಭಾವಿಸಿದ್ದೇವೆ. ಒಂದು ಹೆಣಕ್ಕೆ ಇಡೀ ಹಿಂಡು ಎರಗುವುದೇ ಇದರ ಮರ್ಮ; ಯಾವ ಬಲೆಯಿಂದ ಅವು ಬದುಕಿದ್ದುವೋ ಅದೇ ಬಲೆ ಅವನ್ನು ವಿಷದ ಬಳಿಗೆ ಎಳೆದು ತಂದಿತು.

ಹದ್ದುಗಳು ಇಲ್ಲವಾದುದರ ಫಲವನ್ನು ನಾವೂ ಅನುಭವಿಸಿದೆವು. ಹೆಣಗಳು ಬಿದ್ದಲ್ಲಿಯೇ ಕೊಳೆತುವು, ನಾಯಿಗಳು ಹೆಚ್ಚಿದುವು, ನೀರು ಕೆಟ್ಟಿತು. ೨೦೦೦ದಿಂದ ೨೦೦೫ರವರೆಗೆ ಇದರಿಂದ ಸುಮಾರು ೫ ಲಕ್ಷ ಹೆಚ್ಚಿನ ಮಾನವ ಮರಣಗಳು ಸಂಭವಿಸಿದುವೆಂದು ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ೨೦೨೪ರಲ್ಲಿ ಅಂದಾಜು ಮಾಡಿದ್ದಾರೆ. ಅಪಶಕುನವೆಂದು ಅಟ್ಟಿದ ಹಕ್ಕಿ ಇಷ್ಟು ದಿನ ಯಾವ ಸಂಬಳವೂ ಇಲ್ಲದೆ ಊರು ಕಾಯುತ್ತಿದ್ದಿತು.

ಸರ್ಕಾರ ಪಶುಚಿಕಿತ್ಸೆಯಲ್ಲಿ ಡೈಕ್ಲೊಫೆನಾಕನ್ನು ೨೦೦೬ರಲ್ಲಿ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗಳನ್ನು ಸೇರುತ್ತಲೇ ಇದ್ದುವು. ೨೦೧೫ರಲ್ಲಿ ಮನುಷ್ಯರ ಚುಚ್ಚುಮದ್ದಿನ ಸೀಸೆಯನ್ನು ೩ ಮಿಲಿಲೀಟರಿಗೆ ಇಳಿಸಬೇಕಾಯಿತು. ಅಷ್ಟೇ ಅಪಾಯಕರವಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳು ನಿಷಿದ್ಧವಾದುದು ೨೦೨೩ರಲ್ಲಿ. ಇಷ್ಟು ವಿಳಂಬಕ್ಕೆ ಸಮರ್ಥನೆ ನಮಗೆ ಕಾಣುವುದಿಲ್ಲ. ಏಕೆಂದರೆ ಮೆಲಾಕ್ಸಿಕಮ್ ಎಂಬ ಮದ್ದು ದನಕ್ಕೆ ಹಿತವಾಗಿದ್ದು ಹದ್ದಿಗೆ ನಿರಪಾಯಕರವೆಂದು ೨೦೦೬ರಲ್ಲಿಯೇ ಸಿದ್ಧವಾಗಿದ್ದಿತು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ದನಕರುಗಳುಳ್ಳ ಮನೆಯವರು. ಕೊಟ್ಟಿಗೆಗೆ ಬರುವ ಸೀಸೆಯ ಮೇಲಿನ ಹೆಸರನ್ನು ಅವರು ಓದಿ ನೋಡಬಹುದು.

ಕರ್ನಾಟಕದಲ್ಲಿ ಉಳಿದಿರುವುವು ಎಲ್ಲಿ? ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ರಾಮದೇವರಬೆಟ್ಟವಿದೆ. 'ಷೋಲೆ' ಚಿತ್ರದ ಬಂಡೆಗಳೆಂದು ಅದು ಪ್ರಸಿದ್ಧ. ಉದ್ದಕೊಕ್ಕಿನ ರಣಹದ್ದು ಗೂಡುಕಟ್ಟುವುದು ಇಂಥ ಕಡಿದಾದ ಬಂಡೆಗಳಲ್ಲಿಯೇ ಎಂಬುದು ಅಷ್ಟು ಪ್ರಸಿದ್ಧವಲ್ಲ. ಅಲ್ಲಿಯ ೮೫೬ ಎಕರೆ ಪ್ರದೇಶವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಆದರೂ ಅಲ್ಲಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ದಕ್ಷಿಣಕ್ಕೆ, ಗುಂಡ್ಲುಪೇಟೆಯ ಆಚೆ, ಬಂಡೀಪುರದ ಕಾಡಿನಲ್ಲಿ ಸ್ಥಿತಿ ಇದಕ್ಕಿಂತ ಮೇಲು. ಕಾರಣ ಸ್ಪಷ್ಟ: ಹುಲಿ ಕೊಂದ ಕಡವೆಗೂ ಮುಪ್ಪಿನಿಂದ ಸತ್ತ ಕಾಟಿಗೂ ಯಾರೂ ಮದ್ದು ಚುಚ್ಚುವುದಿಲ್ಲ. ೨೦೨೩ರ ಕೊನೆಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳಗಳ ಅರಣ್ಯ ಇಲಾಖೆಗಳು ಈ ಸೀಮೆಯ ಕಾಡುಗಳಲ್ಲಿ ಏಕಕಾಲಕ್ಕೆ ನಡೆಸಿದ ಎಣಿಕೆಯಲ್ಲಿ ಸುಮಾರು ೩೨೦ ರಣಹದ್ದುಗಳು ಕಂಡುಬಂದುವು. ಕಾಡಿನಲ್ಲಿಯೂ ವಿಷದ ಭಯ ತಪ್ಪಿದ್ದಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷವಿಕ್ಕಿದ ಹಸುವಿನ ಹೆಣವನ್ನು ತಿಂದು ಒಂದು ಹೆಣ್ಣುಹುಲಿ, ನಾಲ್ಕು ಮರಿಗಳು ಸತ್ತುವು. ಅಂಥ ಹೆಣವನ್ನು ಹುಲಿಗಿಂತ ಮೊದಲು ಹದ್ದುಗಳು ಕಂಡಿದ್ದರೆ ಹಿಂಡಿಗೆ ಹಿಂಡೇ ಉರುಳುತ್ತಿದ್ದಿತು.

ಬಿದ್ದುದು ಮೇಲೇಳಲು ಎಷ್ಟು ಕಾಲ ಬೇಕು? ಐದು ವರ್ಷ ತುಂಬುವವರೆಗೆ ರಣಹದ್ದು ಸಾಮಾನ್ಯವಾಗಿ ಗೂಡುಕಟ್ಟುವುದಿಲ್ಲ. ಅನಂತರವೂ ವರ್ಷಕ್ಕೆ ಒಂದೇ ಮೊಟ್ಟೆ. ವರ್ಷಕ್ಕೆ ನೂರಕ್ಕೆ ಏಳರಂತೆ ಬೆಳೆಯುತ್ತವೆಂದು ಉದಾರವಾಗಿ ಭಾವಿಸಿದರೂ ಇಮ್ಮಡಿಯಾಗಲು ಹತ್ತು ವರ್ಷ ಬೇಕು. ಒಂದು ಸಾವಿರವಾಗಲು ಹತ್ತು ಸಲ ಇಮ್ಮಡಿಯಾಗಬೇಕು. ಅಲ್ಲಿಗೆ ನೂರು ವರ್ಷ. ಬಿಳಿಬೆನ್ನಿನ ಹದ್ದುಗಳು ಹೊಳೆಯ ದಡದ ಎತ್ತರದ ಹೊಳೆಮತ್ತಿ ಮರಗಳಲ್ಲಿ ಚಳಿಗಾಲ ಮೊದಲಾದಾಗ ಗೂಡು ಹೂಡುತ್ತವೆ. ಗಂಡುಹೆಣ್ಣುಗಳೆರಡೂ ಸರದಿಯಂತೆ ಸುಮಾರು ಐವತ್ತು ದಿನ ಕಾವು ಕೊಡುತ್ತವೆ. ಮರಿಯ ರೆಕ್ಕೆ ಬಲಿಯಲು ಅನಂತರ ಮೂರು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆ ವೇಳೆಗೆ ಬೇಸಗೆ ಬಂದು ಬಂಡೆಗಳು ಚೆನ್ನಾಗಿ ಕಾಯುತ್ತಿರುತ್ತವೆ.