ಲ್ಯಾಪ್‌ಟಾಪ್‌ಗೆ ಲ್ಯಾನ್ ಅಡಾಪ್ಟರ್: ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ಬಿಲ್ಲಿಂಗ್, ಲೆಕ್ಕಪತ್ರ ಹಾಗೂ ತೆರಿಗೆ ಪಾವತಿಯ ಕೆಲಸಗಳು ಲ್ಯಾಪ್‌ಟಾಪ್‌ನಲ್ಲಿಯೇ ನಡೆಯುವ ಕಚೇರಿಗಳಲ್ಲಿ ತೊಡಕೊಂದು ಕಾಣಿಸಿಕೊಂಡಿದೆ. ಯಂತ್ರವು ತೆಳುವಾಗುತ್ತ ಹೋದಂತೆ ಅದರ ಬದಿಯಲ್ಲಿದ್ದ ಲ್ಯಾನ್ ಪೋರ್ಟ್ ಮರೆಯಾಗುತ್ತ ಬಂದಿತು. 2008ರಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕ್‌ಬುಕ್ ಏರ್‌ನಲ್ಲಿಯೇ ಈ ಪೋರ್ಟ್ ಇರಲಿಲ್ಲ. ಮುಂದೆ ಇತರ ತಯಾರಕರ ಅನೇಕ ಮಾದರಿಗಳೂ ಅದೇ ಹಾದಿ ಹಿಡಿದವು.

ವೈಫೈ ಇರುವಾಗ ತಂತಿ ಏತಕ್ಕೆಂಬ ಪ್ರಶ್ನೆ ಸಹಜವೇ. ಆದರೆ ದಪ್ಪ ಗೋಡೆ, ಕಬ್ಬಿಣದ ರ‍್ಯಾಕ್‌ಗಳಿರುವ ಗೋದಾಮು, ಕಾರ್ಖಾನೆಗಳಲ್ಲಿ ವೈಫೈ ದುರ್ಬಲಗೊಳ್ಳುತ್ತದೆ. ಸರ್ವರ್‌ನಲ್ಲಿರುವ ಲೆಕ್ಕದ ಫೈಲಿಗೆ ನಮೂದು ಮಾಡುತ್ತಿರುವಾಗ ಸಂಪರ್ಕ ಕಡಿದರೆ ಫೈಲೇ ಕೆಡುವ ಸಂಭವವುಂಟು. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಮರುತಿಂಗಳ 20ನೇ ತಾರೀಕು ಸಾಮಾನ್ಯವಾಗಿ ಕೊನೆಯ ದಿನ. ಅದು ತಪ್ಪಿದರೆ ವಿಳಂಬ ಶುಲ್ಕದ ಜೊತೆಗೆ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ. ಯುಎಸ್‌ಬಿ ಪೋರ್ಟ್‌ಗೆ ಜೋಡಿಸುವ ಪುಟ್ಟ ಲ್ಯಾನ್ ಅಡಾಪ್ಟರ್ ಈ ಆತಂಕವನ್ನು ಬಹುಮಟ್ಟಿಗೆ ನಿವಾರಿಸಬಲ್ಲದು.

ವೇಗದ ಲೆಕ್ಕ

ಮಾರುಕಟ್ಟೆಯಲ್ಲಿ ಮುಖ್ಯವಾಗಿ 100 ಮೆಗಾಬಿಟ್ ಮತ್ತು 1000 ಮೆಗಾಬಿಟ್, ಅಂದರೆ ಗಿಗಾಬಿಟ್, ಎಂಬ ಎರಡು ವರ್ಗಗಳಿವೆ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಮೊದಲನೆಯದು ಸೆಕೆಂಡಿಗೆ ಗರಿಷ್ಠ 12.5 ಮೆಗಾಬೈಟ್, ಎರಡನೆಯದು 125 ಮೆಗಾಬೈಟ್ ಸಾಗಿಸಬಲ್ಲದು. 5 ಗಿಗಾಬೈಟ್ ಬ್ಯಾಕಪ್‌ಗೆ ಮೊದಲನೆಯದರಲ್ಲಿ ಕನಿಷ್ಠ 400 ಸೆಕೆಂಡ್, ಎರಡನೆಯದರಲ್ಲಿ 40 ಸೆಕೆಂಡ್ ಬೇಕು. ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಕೇವಲ ಇಂಟರ್ನೆಟ್ ಬಳಸುವ, 100 ಮೆಗಾಬಿಟ್‌ಗಿಂತ ಕಡಿಮೆ ವೇಗದ ಸಂಪರ್ಕವಿರುವ ಅಂಗಡಿಗೆ ಮೊದಲನೆಯದೇ ಸಾಕು. ಸರ್ವರ್‌ನಿಂದ ನಿತ್ಯ ಬ್ಯಾಕಪ್ ತೆಗೆಯುವವರಿಗೆ ಗಿಗಾಬಿಟ್ ಲಾಭಕರ.

ಸರಪಳಿಯ ದುರ್ಬಲ ಕೊಂಡಿ

ಗಿಗಾಬಿಟ್ ಎಂದು ಮುದ್ರಿಸಿದ ಮಾತ್ರಕ್ಕೆ ಆ ವೇಗ ದೊರೆಯುವುದಿಲ್ಲ. ಯುಎಸ್‌ಬಿ 2.0 ಪೋರ್ಟ್‌ನ ಸೈದ್ಧಾಂತಿಕ ಮಿತಿಯೇ 480 ಮೆಗಾಬಿಟ್. ಪೂರ್ಣ ವೇಗಕ್ಕೆ 5 ಗಿಗಾಬಿಟ್ ಸಾಮರ್ಥ್ಯದ ಯುಎಸ್‌ಬಿ 3.0 ಅಗತ್ಯ. ಅಂಡಾಕಾರದ ಟೈಪ್-ಸಿ ಪೋರ್ಟ್ ಇದ್ದೊಡನೆ ವೇಗ ಇದೆಯೆಂದು ಭಾವಿಸಲಾಗದು. ಅದು ಆಕಾರದ ಹೆಸರು ಮಾತ್ರ. 100 ಮೆಗಾಬಿಟ್‌ಗೆ ಕೇಬಲ್‌ನ ನಾಲ್ಕು ಎಳೆಗಳು ಸಾಕು, ಗಿಗಾಬಿಟ್‌ಗೆ ಎಂಟೂ ಸರಿಯಿರಬೇಕು. ಸ್ವಿಚ್ ಹಳೆಯ 100 ಮೆಗಾಬಿಟ್‌ನದಾದರೆ ಅಡಾಪ್ಟರ್‌ಗೆ ತೆತ್ತ ಹೆಚ್ಚಿನ ಹಣ ವ್ಯರ್ಥ.

ಚಿಪ್, ಡ್ರೈವರ್ ಮತ್ತು ಗುರುತು

ಹೊರಕವಚದ ಹೆಸರಿಗಿಂತ ಒಳಗಿನ ಚಿಪ್ ಮುಖ್ಯ. ರಿಯಲ್‌ಟೆಕ್‌ನ ಆರ್‌ಟಿಎಲ್ 8153 ಹಾಗೂ ಏಸಿಕ್ಸ್‌ನ ಎಎಕ್ಸ್ 88179 ಗಿಗಾಬಿಟ್ ವರ್ಗದ ಪ್ರಚಲಿತ ಚಿಪ್‌ಗಳು. ಆರ್‌ಟಿಎಲ್ 8152 ಎಂಬುದು 100 ಮೆಗಾಬಿಟ್‌ಗೆ ಸೀಮಿತ. ಚಿಪ್‌ನ ಹೆಸರನ್ನೇ ತಿಳಿಸದ ಸರಕನ್ನು ಬಿಡುವುದು ಲೇಸು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಅಪರೂಪವಾದ್ದರಿಂದ, ವೈಫೈ ಲಭ್ಯವಿರುವಾಗಲೇ ಡ್ರೈವರ್ ಇಳಿಸಿಕೊಂಡಿರುವುದು ಕ್ಷೇಮ.

ಪ್ರತಿ ಅಡಾಪ್ಟರ್‌ಗೂ ತನ್ನದೇ ಆದ ಹನ್ನೆರಡು ಅಂಕಾಕ್ಷರಗಳ ಮ್ಯಾಕ್ ಅಡ್ರೆಸ್ ಇರುತ್ತದೆ. ಕಚೇರಿಯ ರೂಟರ್ ಅಥವಾ ಇಂಟರ್ನೆಟ್ ಸೇವೆಯು ನಿಗದಿತ ಅಡ್ರೆಸ್‌ಗೆ ಮಾತ್ರ ಪ್ರವೇಶ ನೀಡುವಂತಿದ್ದರೆ ಹೊಸದನ್ನು ನೋಂದಾಯಿಸಬೇಕು. ಒಂದೇ ಅಡಾಪ್ಟರ್ ಹಲವು ಸಿಬ್ಬಂದಿಯ ಕೈಬದಲಾದರೆ ಆ ಗುರುತೂ ಅದರೊಡನೆ ಸಾಗುತ್ತದೆ. ಯಾವ ಯಂತ್ರದಿಂದ ಯಾವ ಕೆಲಸ ನಡೆಯಿತೆಂದು ಪತ್ತೆಹಚ್ಚುವುದು ಆಗ ಕಠಿಣ.

ಬಿಲ್ ಮರೆಯಬಾರದು

ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾದ ತೆರಿಗೆ ಬಿಲ್ ಪಡೆದರೆ, ನಿಯಮಗಳ ಷರತ್ತಿಗೊಳಪಟ್ಟು, ವ್ಯವಹಾರಕ್ಕೆ ಬಳಸುವ ಅಡಾಪ್ಟರ್‌ನ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ವಾರಂಟಿಗೂ ಆಧಾರ ಆ ಬಿಲ್ಲೇ.

ಪೋರ್ಟ್, ಕೇಬಲ್, ಸ್ವಿಚ್ ಇವು ಮೂರನ್ನೂ ಪರಿಶೀಲಿಸಿದ ನಂತರವೇ ಬೆಲೆಯನ್ನು ವಿಚಾರಿಸುವುದು ಜಾಣತನ. ಸಣ್ಣ ಖರೀದಿಯೇ ಆದರೂ ಗಡುವಿನ ದಿನ ಕಚೇರಿಯ ಕೆಲಸ ನಿಲ್ಲದಂತೆ ಕಾಯುವುದು ಅದೇ.