ಕೋಳಿಗೆ ಕಾಯಿಲೆ ಕಾಣದು, ರೋಗಾಣುವಿಗೆ ಮದ್ದು ನಾಟದು



ನಿಗಡಿ, ಆಕುರ್ಡಿ, ಚಿಂಚವಾಡ ಭಾಗದ ನಮ್ಮ ಮಾಂಸಾಹಾರಿ ಹೋಟೆಲುಗಳು ನಡೆಯುವುದೇ ಕೋಳಿಯಿಂದ. ಮಾಲು ಬಂದಾಗ ತೂಕ, ಬಣ್ಣ, ವಾಸನೆ ನೋಡುತ್ತೇವೆ. ಸಾಲ್ಮೊನೆಲ್ಲಾ ಎಂಬ ರೋಗಾಣು ಈ ಮೂರರಲ್ಲೂ ಸಿಕ್ಕಿಬೀಳುವುದಿಲ್ಲ. ಟೈಫಾಯ್ಡ್ ರೋಗಾಣುವಿನ ದಾಯಾದಿ ಇದು.

ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ಕೆಲವು ದಿನ ರೋಗ ತಡೆಯುವ ಶಕ್ತಿ ಕಡಿಮೆ. ತಾಯಿಕೋಳಿ ಮೊಟ್ಟೆಯ ಹಳದಿಯಲ್ಲಿ ಕೊಟ್ಟ ಪ್ರತಿಕಾಯಗಳೇ ಅದಕ್ಕೆ ಆಸರೆ. ಬೆಳೆದ ಕೋಳಿಯ ಕಥೆ ಬೇರೆ. ರೋಗಾಣು ಕರುಳು ಹೊಕ್ಕ ಕೂಡಲೇ ಬಿಳಿ ರಕ್ತಕಣಗಳು ಓಡಿಬಂದು ಕಾದಾಡುತ್ತವೆ. ಆದರೆ ಕೆಲವೇ ದಿನಗಳಲ್ಲಿ ಕರುಳು ತನ್ನ ಉರಿಯನ್ನು ತಾನೇ ತಗ್ಗಿಸಿಕೊಂಡು ಶತ್ರುವಿನೊಡನೆ ರಾಜಿಯಾಗುತ್ತದೆ. ಕೋಳಿ ಮೇಯುತ್ತದೆ, ತೂಕ ಏರುತ್ತದೆ. ಹಿಕ್ಕೆಯಲ್ಲಿ ಮಾತ್ರ ರೋಗಾಣು ವಾರಗಟ್ಟಲೆ ಹೊರಬೀಳುತ್ತಿರುತ್ತದೆ. ಕೊಯ್ಯುವಾಗ ಕರುಳು ಒಡೆದರೆ ಮಾಂಸಕ್ಕೆ ಅಂಟುತ್ತದೆ.

ಫಾರ್ಮಿನಲ್ಲಿ ನೀರಿಗೆ, ಮೇವಿಗೆ ಆಂಟಿಬಯಾಟಿಕ್ ಬೆರೆಸುತ್ತಾ ಹೋದರೆ ದುರ್ಬಲ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಉಳಿದು ಬೆಳೆಯುತ್ತವೆ. ಅಂಥದ್ದು ಗಿರಾಕಿಯ ಹೊಟ್ಟೆ ಸೇರಿ, ಮಗುವಿಗೋ ಮುದುಕರಿಗೋ ರಕ್ತಕ್ಕೇರಿದರೆ ಡಾಕ್ಟರು ಕೊಡುವ ಮದ್ದು ನಾಟದೆ ಹೋಗಬಹುದು. ಕೊನೆಯ ಅಸ್ತ್ರವೆಂದು ಡಾಕ್ಟರುಗಳು ಇಟ್ಟುಕೊಂಡಿರುವ ಕೊಲಿಸ್ಟಿನ್ ಔಷಧಿಯನ್ನು ಕೋಳಿ, ಮೀನು ಸಾಕಣೆಗೆ ಮಾರುವುದನ್ನು ಕೇಂದ್ರ ಸರಕಾರ 2019ರ ಜುಲೈಯಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಆದರೆ ಒಂದು ಮಾತು ನೆನಪಿರಲಿ. ಈ ರೋಗಾಣು ಗಟ್ಟಿಯಾದದ್ದು ಔಷಧಿಯ ಎದುರು ಮಾತ್ರ. ಕೋಳಿಯ ರೋಗನಿರೋಧಕ ಶಕ್ತಿ ರೋಗಾಣುವಿನ ಮೈ ಗುರುತಿಸಿ ಹೊಡೆಯುತ್ತದೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಕೇಳುವುದಿಲ್ಲ. ಆದ್ದರಿಂದ ಲಸಿಕೆ ಹಾಕಿದ ಕೋಳಿಯಲ್ಲಿ ಗಟ್ಟಿ ರೋಗಾಣುವೂ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಉಳಿದದ್ದು ನಮ್ಮ ಅಡಿಗೆಮನೆಯ ಕೆಲಸ. ಬೆಂಕಿಗೂ ಭೇದವಿಲ್ಲ. ಮಾಂಸದ ಒಳಗೆ 75 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿದರೆ ಎರಡು ಬಗೆಯವೂ ಸಾಯುತ್ತವೆ.

ಸುಕ್ಕ, ಸಾರು ಚೆನ್ನಾಗಿ ಕುದಿಯುವುದರಿಂದ ಚಿಂತೆ ಕಡಿಮೆ. ಅಪಾಯ ಇರುವುದು ಅರ್ಧ ಬೇಯಿಸಿ ತೂಗುಹಾಕಿ, ಆರ್ಡರ್ ಬಂದಾಗ ಬಿಸಿ ತೋರಿಸಿ ಕೊಡುವ ತಂದೂರಿಯಲ್ಲಿ. ಎಲುಬಿನ ಬುಡದಲ್ಲಿ ಥರ್ಮಾಮೀಟರ್ ಚುಚ್ಚಿ ನೋಡಿ. ಮಸಾಲೆ ಹಚ್ಚಿದ ಕೋಳಿ 5 ಡಿಗ್ರಿಗಿಂತ ಕೆಳಗೆ, ಫ್ರಿಜ್ಜಿನ ತಳದ ಅಂಕಣದಲ್ಲಿರಲಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ಹನಿ ಸಿಡಿದು ಸುತ್ತಲಿನ ಪಾತ್ರೆಗೆಲ್ಲ ರೋಗಾಣು ಹರಡುತ್ತದೆ. ಕೋಳಿ ಕತ್ತರಿಸಿದ ಮಣೆ, ಚಾಕು ಈರುಳ್ಳಿ, ಸೌತೆಕಾಯಿಗೆ ಬೇಡ. ಹುಡುಗರು ಸಾಬೂನಿನಲ್ಲಿ ಕೈ ತೊಳೆಯಲಿ. ಭೇದಿಯಾದವನಿಗೆ ಸಂಬಳ ಹಿಡಿಯದೆ ರಜೆ ಕೊಡಿ, ಇಲ್ಲವಾದರೆ ಅವನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ.

ಕೋಳಿ ಕೊಡುವವರನ್ನು ರೇಟಿನ ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ: ಲಸಿಕೆ ಹಾಕಿದ್ದೀರಾ? ಔಷಧಿ ಯಾರ ಸಲಹೆಯ ಮೇಲೆ ಕೊಡುತ್ತೀರಿ? ಒಬ್ಬ ಕೇಳಿದರೆ ನಕ್ಕು ಸುಮ್ಮನಾಗಬಹುದು. ನಾವೆಲ್ಲ ಸೇರಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.