ನಿಧಾನದ ಇಂಟರ್‌ನೆಟ್ಟಿನಲ್ಲಿ ಆಂಟಿವೈರಸ್ಸನ್ನು ಹೊಸದಾಗಿಟ್ಟುಕೊಳ್ಳುವ ಬಗೆ

ಬೇಲೂರು ಕಡೆಯ ಕಾಫಿ ತೋಟಗಳಲ್ಲಿಯೂ, ಹಳೇಬೀಡು, ಅರಸೀಕೆರೆ ಕಡೆಯ ಅಡಿಕೆ, ತೆಂಗಿನ ತೋಟಗಳಲ್ಲಿಯೂ ಲೆಕ್ಕಪತ್ರಗಳು ಈಗ ಕಂಪ್ಯೂಟರಿಗೆ ಬಂದಿವೆ. ಆಳುಗಳ ಬಟವಾಡೆ, ಗೊಬ್ಬರದ ಖರ್ಚು, ಪಹಣಿಯ ಪ್ರತಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿವೆ. ಇಂಟರ್‌ನೆಟ್ ಮಾತ್ರ ಅನೇಕರಿಗೆ ಮೊಬೈಲಿನಿಂದ ಹಂಚಿಕೊಂಡದ್ದು. ಹೀಗಿರುವಲ್ಲಿ ಡೇಟಾ ಉಳಿಯಲೆಂದು ಅಪ್‌ಡೇಟ್‌ಗಳನ್ನೆಲ್ಲ ಒಟ್ಟಿಗೇ ನಿಲ್ಲಿಸಿಬಿಡುವ ಸದಸ್ಯರಿದ್ದಾರೆ. ಇದು ಸರಿಯಲ್ಲ. ಯಾವುದನ್ನು ತಡಮಾಡಬಹುದು, ಯಾವುದನ್ನು ತಡಮಾಡಬಾರದು ಎಂಬುದನ್ನು ಇಲ್ಲಿ ತಿಳಿಸುತ್ತೇವೆ.

ಆಂಟಿವೈರಸ್ ಕೆಲಸ ಮಾಡುವುದು ಮುಖ್ಯವಾಗಿ ಒಂದು ಪಟ್ಟಿಯ ಬಲದಿಂದ. ಗೊತ್ತಿರುವ ವೈರಸ್‌ಗಳ ಗುರುತುಗಳು ಆ ಪಟ್ಟಿಯಲ್ಲಿರುತ್ತವೆ. ಬೆರಿ ಬೋರರ್ ಎಂಬ ಕಾಯಿಕೊರಕ ಹುಳು ನಮ್ಮ ದೇಶದ ಕಾಫಿಯಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಅದಕ್ಕೆ ಹಿಂದಿನ ಕೀಟಗಳ ಕೈಪಿಡಿಯನ್ನು ಹಿಡಿದು ತೋಟ ಸುತ್ತಿದವನಿಗೆ ಕಾಂಡಕೊರಕ ತಿಳಿದೀತು, ಕಾಯಿಕೊರಕ ತಿಳಿಯಲಾರದು. ಹಳೆಯ ಪಟ್ಟಿಯ ಆಂಟಿವೈರಸ್ ಸ್ಥಿತಿಯೂ ಇದೇ. ತೋಟಕ್ಕೆ ಹೊಸ ಕೀಟ ಬರುವುದು ಎಷ್ಟೋ ವರ್ಷಗಳಿಗೊಮ್ಮೆ, ಕಂಪ್ಯೂಟರಿಗಾದರೋ ದಿನವೂ. ಆದುದರಿಂದಲೇ ಪಟ್ಟಿಯೂ ದಿನಕ್ಕೆ ಹಲವು ಸಲ ಹೊಸದಾಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಕಂಪ್ಯೂಟರಿನೊಂದಿಗೇ ಬಂದಿರುತ್ತದೆ, ಬೇರೆ ಹಣವಿಲ್ಲ. ಅದರ ಪಟ್ಟಿಯನ್ನು ದಿನವೂ ತರಿಸಿಕೊಂಡರೆ ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವಷ್ಟೇ ಇಳಿಯುವುದರಿಂದ ಹೊರೆ ಕಡಿಮೆ. ಬಹುದಿನ ಬಿಟ್ಟು ತರಿಸಿದರೆ ಇಡೀ ಪಟ್ಟಿಯೇ ಬರಬೇಕಾದೀತು; ಅದು 100 ಎಂಬಿಗೂ ಮೀರಿದ್ದು. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 100 ಎಂಬಿ ಇಳಿಯಲು ಹದಿಮೂರು ನಿಮಿಷಕ್ಕೂ ಹೆಚ್ಚು ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. ತಡಮಾಡಿ ಡೇಟಾ ಉಳಿಸಿದೆವೆಂದುಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ.

ನಿಜವಾಗಿ ಭಾರವಾದದ್ದು ವಿಂಡೋಸಿನ ತಿಂಗಳ ಅಪ್‌ಡೇಟ್. ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮಲ್ಲಿ ರಾತ್ರಿಯಾದ ಮೇಲೆ, ಅದು ಬಿಡುಗಡೆಯಾಗುತ್ತದೆ. ಇದನ್ನು ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟಿನಲ್ಲಿರುವ 'ಪಾಸ್' ಗುಂಡಿಯಿಂದ ಕೆಲವು ದಿನ ತಡೆಹಿಡಿಯಬಹುದು. ಡಿಫೆಂಡರ್ ಪಟ್ಟಿ ಆಗಲೂ ಬರುತ್ತಲೇ ಇರುತ್ತದೆ. ಆದರೆ ಅನೇಕರು ಮಾಡುವುದು ಬೇರೆ: ಮೊಬೈಲಿನ ಸಂಪರ್ಕಕ್ಕೆ 'ಮೀಟರ್ಡ್' ಎಂದು ಗುರುತು ಹಾಕಿ ಮರೆತುಬಿಡುತ್ತಾರೆ. ಹೀಗೆ ಮಾಡಿದಲ್ಲಿ ಪಟ್ಟಿಯೂ ತಾನಾಗಿ ಬರುವುದು ನಿಂತುಹೋಗಬಹುದು. ಮೀಟರ್ಡ್ ಬೇಕೇ ಬೇಕೆನ್ನುವವರು ಬೆಳಿಗ್ಗೆ ಲೆಕ್ಕ ಬರೆಯಲು ಕೂರುವ ಮೊದಲು ವಿಂಡೋಸ್ ಸೆಕ್ಯೂರಿಟಿ ತೆರೆದು, 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬಲ್ಲಿ ಪ್ರೊಟೆಕ್ಷನ್ ಅಪ್‌ಡೇಟ್ಸ್ ಒತ್ತಿ, ಕೈಯಾರೆ ಪಟ್ಟಿ ತರಿಸಬೇಕು. ಕೊನೆಯ ಅಪ್‌ಡೇಟ್ ಆದ ತಾರೀಖೂ ಅಲ್ಲೇ ಕಾಣುತ್ತದೆ. ಒಂದು ವಾರಕ್ಕಿಂತ ಹಳೆಯ ತಾರೀಖು ಕಂಡರೆ, ನಮ್ಮ ಅಭಿಪ್ರಾಯದಲ್ಲಿ, ಆ ದಿನ ಬ್ಯಾಂಕಿನ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಮನೆಯಲ್ಲಿ ಸಿಗ್ನಲ್ಲೇ ಸಿಗದವರು ಪಟ್ಟಿಯನ್ನು ಹೊತ್ತು ತರಬಹುದು. ಮೈಕ್ರೋಸಾಫ್ಟಿನ ಸ್ವಂತ ಜಾಲತಾಣದಲ್ಲಿ ಡಿಫೆಂಡರಿನ ಪೂರ್ತಿ ಪಟ್ಟಿ ಒಂದೇ ಫೈಲಾಗಿ ಸಿಗುತ್ತದೆ. ಬೇಲೂರಿಗೋ ಅರಸೀಕೆರೆಗೋ ಹೋದಾಗ ಒಳ್ಳೆಯ ಸಂಪರ್ಕವಿರುವಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು, ಮನೆಗೆ ಬಂದು ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರಾಯಿತು. ಬೇರೆ ತಾಣಗಳಲ್ಲಿ ಸಿಗುವ ಅದೇ ಹೆಸರಿನ ಫೈಲುಗಳನ್ನು ಮುಟ್ಟಬಾರದು.

ಪೆನ್‌ಡ್ರೈವ್ ಎಂದೊಡನೆ ಒಂದು ಮಾತು. ಕಾಯಿಕೊರಕ ಗೋಣಿಚೀಲದೊಂದಿಗೆ ತೋಟದಿಂದ ತೋಟಕ್ಕೆ ಹೋಗುವಂತೆ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವಿನೊಂದಿಗೆ ವೈರಸ್ ಮನೆಗೆ ಬರುತ್ತದೆ. ಅದಕ್ಕೆ ಇಂಟರ್‌ನೆಟ್ಟೇ ಬೇಕಿಲ್ಲ. ಸಿಕ್ಕಿಸಿದ ಕೂಡಲೇ ತೆರೆಯದೆ, ಅದರ ಹೆಸರಿನ ಮೇಲೆ ಬಲಗಡೆ ಗುಂಡಿ ಒತ್ತಿ 'ಸ್ಕ್ಯಾನ್' ಮಾಡಿಸಿರಿ.

ಹಣ ಕೊಟ್ಟು ಬೇರೆ ಆಂಟಿವೈರಸ್ ಕೊಂಡವರಿಗೂ ಹೇಳಬೇಕಾದುದುಂಟು. ವರ್ಷದ ಚಂದಾ ಮುಗಿದ ಮೇಲೆ ಚಿತ್ರವೇನೋ ಮೂಲೆಯಲ್ಲಿ ಕೂತೇ ಇರುತ್ತದೆ, ಪಟ್ಟಿ ಮಾತ್ರ ಹಳೆಯದಾಗುತ್ತ ಹೋಗುತ್ತದೆ. ನವೀಕರಿಸುವ ಮನಸ್ಸಿಲ್ಲದಿದ್ದರೆ ಅದನ್ನು ತೆಗೆದುಹಾಕಿ, ಡಿಫೆಂಡರ್ ಚಾಲೂ ಆಗಿದೆಯೇ ಎಂದು ನೋಡಿರಿ. ಎರಡನ್ನೂ ಒಟ್ಟಿಗೆ ನಡೆಸಿದರೆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ತಿಂಗಳ ಅಪ್‌ಡೇಟನ್ನು ತಡೆಹಿಡಿಯಬಹುದೆಂದೆವೇ ಹೊರತು ಬಿಡಬಹುದೆಂದಲ್ಲ. 2017ರ ಮೇ 12ರಂದು ಹರಡತೊಡಗಿದ ವನ್ನಾಕ್ರೈ ಎಂಬುದು ನೂರೈವತ್ತು ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು! ಪಟ್ಟಿ ಹೊಸದಿದ್ದೂ ವಿಂಡೋಸ್ ಹಳೆಯದಾದರೆ ಔಷಧಿ ಹೊಡೆದು ಬೇಲಿ ಮುರಿದುಬಿಟ್ಟಂತೆ.

ವಿಂಡೋಸ್ 10 ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅದಕ್ಕೆ ಎಲ್ಲರಿಗೂ ಉಚಿತವಾಗಿ ಬರುತ್ತಿದ್ದ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್ ಪಟ್ಟಿಯನ್ನು 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಕಂಪನಿ ಹೇಳಿದೆ. ತಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುವುದೇ ಎಂದು ತಿಳಿದವರಿಂದ ನೋಡಿಸಿಕೊಳ್ಳಿರಿ. ಅಷ್ಟರೊಳಗೆ ಈ ವರ್ಷದ ಲೆಕ್ಕದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿರಿ.